ಯಾರು ಓದುವವರು?

ಶ್ರಾವಣ ಮಾಸದ ಸಂಚಿಕೆಯಲ್ಲಿ ಹತ್ತು ಸದ್ಗ್ರಂಥಗಳ ಪಟ್ಟಿಯನ್ನು ಓದುಗ ಬಾಂಧವರ ಮುಂದಿಡುವುದು ಈ ಅಂಕಣದ ಬಹುಕಾಲದ ರೂಢಿ. ಊರೂರಿನಲ್ಲಿ ಪುರಾಣ ಪ್ರವಚನಗಳು ನಡೆಯುವ ಈ ತಿಂಗಳಿನಲ್ಲಿ ಮನೆಗೊಂದು ಒಳ್ಳೆಯ ಪುಸ್ತಕ ಬರಲಿ ಎಂಬುದು ನಮ್ಮ ಆಶಯವಾಗಿತ್ತು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡು ಅಂಗಡಿಗೆ ಒಯ್ಯುವವರಿದ್ದಾರೆಂದು ಕೇಳಿ ಸಂತೋಷಪಟ್ಟದ್ದೂ ಉಂಟು. ಈ ವರ್ಷ ಪಟ್ಟಿಯನ್ನು ಕೊಡುತ್ತಿಲ್ಲ. ಅದೇಕೆಂಬುದನ್ನು ಹೇಳುವ ಮೊದಲು ಓದುಗರನ್ನು ಧಾರವಾಡದ ಒಂದು ಪುಸ್ತಕದಂಗಡಿಗೆ ಕರೆದೊಯ್ಯಬೇಕಾಗಿದೆ.

ಧಾರವಾಡಕ್ಕೂ ಪುಸ್ತಕಕ್ಕೂ ಇರುವ ನಂಟನ್ನು ಬೇರೆ ಹೇಳಬೇಕಾಗಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿ ಇಳಿದ ಸಾಹಿತಿಗಳ ಹೆಸರುಗಳೇ ಒಂದು ಸಾಹಿತ್ಯ ಚರಿತ್ರೆಯಾದಾವು. ನಾವು ಹೇಳಹೊರಟಿರುವ ಅಂಗಡಿ ಅಂತಹ ಪ್ರಸಿದ್ಧಿ ಪಡೆದುದಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಕಿರಾಣಿ ಅಂಗಡಿಗೂ ಹೊಲಿಗೆಯವರ ಅಂಗಡಿಗೂ ನಡುವೆ, ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾದ ಒಂದೇ ಕೋಣೆ. ಹೆಸರು ಹಾಕುವುದು ಬೇಡವೆಂದು ಅಂಗಡಿಯ ಹಿರಿಯರು ಕೇಳಿಕೊಂಡಿದ್ದಾರೆ. ಅವರಿಗೆ ಈಗ ಕಣ್ಣು ಮಂದವಾಗಿದ್ದು, ವ್ಯವಹಾರವನ್ನೆಲ್ಲ ನೋಡಿಕೊಳ್ಳುವವರು ಸುಮಾರು ಇಪ್ಪತ್ತು ವರ್ಷಗಳಿಂದ ಅಲ್ಲಿ ಕೆಲಸಕ್ಕಿರುವ ಒಬ್ಬ ಹೆಣ್ಣುಮಗಳು. ಅವರ ಕೈಕೆಳಗೆ ಕಾಲೇಜು ಓದುತ್ತ ಸಂಜೆಯ ಹೊತ್ತು ಬರುವ ಒಬ್ಬ ಹುಡುಗನಿದ್ದಾನೆ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಪುಸ್ತಕವನ್ನು ಕೊಂಡು ಓದಿ ಮೆಚ್ಚಿದವರು ಮರಳಿ ಬಂದಾಗ ಒಂದು ಸಣ್ಣ ಚೀಟಿಯಲ್ಲಿ ಮೂರು ಸಾಲು ಬರೆದುಕೊಡುತ್ತಾರೆ. ಅದನ್ನು ಆ ಪುಸ್ತಕದ ಇನ್ನೊಂದು ಪ್ರತಿಯೊಳಗೆ, ತುದಿ ಹೊರಗೆ ಕಾಣುವಂತೆ, ಸಿಕ್ಕಿಸಿಡುತ್ತಾರೆ. ಬರೆದವರ ಹೆಸರಿರುವುದಿಲ್ಲ, ಊರು ಮತ್ತು ಉದ್ಯೋಗ ಮಾತ್ರ. ಅಂಗಡಿಯವರೂ ತಮಗೆ ಸೇರಿದ ಪುಸ್ತಕಗಳಿಗೆ ಹೀಗೆಯೇ ಬರೆದಿಡುತ್ತಾರೆ. ಕಪಾಟಿನ ತುಂಬ ಬಿಳಿಯ ಕಿವಿಗಳು ಎದ್ದು ನಿಂತಂತೆ ತೋರುತ್ತದೆ. ಕಳೆದ ಜ್ಯೇಷ್ಠ ಮಾಸದಲ್ಲಿ ಹೊರಗೆ ಮಳೆ ಹಿಡಿದುಕೊಂಡದ್ದರಿಂದ ನಾವು ಒಂದು ಮಧ್ಯಾಹ್ನವಿಡೀ ಅಲ್ಲಿ ಕುಳಿತು ಈ ಚೀಟಿಗಳನ್ನೇ ಓದಿದೆವು. ಗ್ರಂಥಗಳನ್ನು ಬೆಲೆಗಟ್ಟುವುದೇ ನಮ್ಮ ಜೀವನದ ಕೆಲಸವಾಗಿದ್ದರೂ ಇಷ್ಟು ಪ್ರಾಮಾಣಿಕವಾದ ವಿಮರ್ಶೆಯನ್ನು ಇತ್ತೀಚೆಗೆ ಓದಿದ ನೆನಪು ನಮಗಿಲ್ಲ.

ಮೊದಲು ಕೈಗೆ ಬಂದದ್ದು ಒಬ್ಬ ಬಸ್ ಕಂಡಕ್ಟರರು ಬರೆದುದು. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣನವರ ಕಾಲವನ್ನು ಕುರಿತು ಬರೆದ ಆರು ಕಾದಂಬರಿಗಳ ಮಾಲೆಯನ್ನು ಅವರು ಊರೂರಿನ ರಾತ್ರಿ ವಸತಿಗಳಲ್ಲಿ ಓದಿ ಮುಗಿಸಿದ್ದಾರೆ. ಪ್ರಶಸ್ತಿ ಬಂದಿದೆಯೆಂದು ‘ಕ್ರಾಂತಿ ಕಲ್ಯಾಣ’ವನ್ನೇ ಮೊದಲು ಹಿಡಿಯಬೇಡಿರಿ, ‘ಉದಯರವಿ’ಯಿಂದ ಹೊರಡಿರಿ, ನಡುವೆ ಇಳಿಯಬೇಡಿರಿ ಎಂದು ಅವರ ಸೂಚನೆ. ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆತದ್ದು ನಿಜ. ನಮ್ಮ ಯಾವ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನ ದೊರೆತಿರಲಿಲ್ಲವೆಂಬುದೂ ಅಷ್ಟೇ ನಿಜ. ಕಾದಂಬರಿಯನ್ನು ಓದಿದವರು ಅದನ್ನೇ ಚರಿತ್ರೆಯೆಂದು ನಂಬಿಬಿಡುತ್ತಾರೆ ಎಂಬ ಅಂಜಿಕೆ ನಮ್ಮದು. ಅಂಜಿಕೆ ಈಗಲೂ ಇದೆ. ಆದರೆ ಬಿಜ್ಜಳನ ಆಸ್ಥಾನದ ಸ್ಥಿತಿಗತಿಗಳನ್ನು ಕುರಿತು ನಾವು ಮಾಡಿದ ಉಪನ್ಯಾಸವನ್ನು ಯಾವ ಕಂಡಕ್ಟರರೂ ರಾತ್ರಿ ಹನ್ನೊಂದರವರೆಗೆ ಎಚ್ಚರವಿದ್ದು ಕೇಳಿದ ದಾಖಲೆಯಿಲ್ಲ.

ಇನ್ನೊಂದು ಚೀಟಿ ಜಯದೇವಿತಾಯಿ ಲಿಗಾಡೆಯವರ ‘ಶ್ರೀ ಸಿದ್ಧರಾಮ ಪುರಾಣ’ದೊಳಗಿತ್ತು. ಅಕ್ಷರಗಳು ಮೋಡಿಯಂತೆ ಬಾಗಿದ್ದವು. ಬರೆದವರು ಸೊಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದ ವೃದ್ಧ ತಾಯಿಯೊಬ್ಬರು. ಇದನ್ನು ಓದಬಾರದು, ಹಾಡಬೇಕು. ಬೀಸುವ ಹಾಡು ಬಲ್ಲವರಿಗೆ ತಾನಾಗಿ ಬರುತ್ತದೆ ಎಂದು ಅವರು ಬರೆದಿದ್ದರು. ಅದು ತ್ರಿಪದಿಯ ಕಾವ್ಯವೆಂಬುದನ್ನು ನಾವು ಛಂದಸ್ಸಿನ ದೃಷ್ಟಿಯಿಂದ ಬಲ್ಲೆವು. ಗಣವಿಭಾಗವನ್ನು ಲೆಕ್ಕ ಹಾಕಿದ್ದೆವು. ದನಿ ಎತ್ತಿ ಹಾಡಿರಲಿಲ್ಲ. ಮನೆಗೆ ಬಂದು ಹತ್ತು ಪದ್ಯಗಳನ್ನು ಹಾಡಿಕೊಂಡೆವು. ನಮ್ಮ ಕಂಠ ಎಂತಹುದೇ ಇರಲಿ, ಆ ತಾಯಿ ಹೇಳಿದ್ದು ದಿಟ. ಕಿರಿಯ ಓದುಗರಿಗಾಗಿ ಒಂದು ಮಾತು: ಲಿಗಾಡೆಯವರ ಶಾಲೆಯ ಓದು ಮರಾಠಿಯಲ್ಲಿ ನಡೆದದ್ದು. ಕನ್ನಡವನ್ನು ಅವರು ಸ್ವಪ್ರಯತ್ನದಿಂದ ಕಲಿತರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಅವರೇ ಆ ಗೌರವ ಪಡೆದ ಮೊದಲ ಮಹಿಳೆ.

ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯ ಚೀಟಿಯಿತ್ತು. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಜಗಳವಾಯಿತು, ಆದ್ದರಿಂದ ಶಿಫಾರಸು ಮಾಡುತ್ತೇನೆ ಎಂಬುದಿಷ್ಟೇ ಅದರ ಒಕ್ಕಣೆ. ನಾವು ನಕ್ಕೆವು. 1990ರಲ್ಲಿ ಬಂದ ಈ ನಾಟಕದ ಬಸವಣ್ಣನವರು ನಾವು ಜಯಂತಿಯಂದು ಮಾಲೆ ಹಾಕುವ ಬಸವಣ್ಣನವರಲ್ಲ. ಅದಕ್ಕೆ ನಮ್ಮ ತಕರಾರುಗಳಿವೆ, ಹಿಂದೊಮ್ಮೆ ಬರೆದೂ ಇದ್ದೇವೆ. ಆದರೆ ಒಂದು ಮದುವೆಯನ್ನು ಒಂದು ಸಮಾಜ ಸಹಿಸಲಾರದೆ ಹೋದ ಕಥೆಯನ್ನು ಓದಿ ಇಂದಿನ ಮನೆಯೊಂದರಲ್ಲಿ ಎರಡು ದಿನ ಜಗಳವಾಗುವುದಾದರೆ, ಆ ಜಗಳ ಏತಕ್ಕೆ ಸಂಬಂಧಿಸಿದ್ದೆಂದು ಊಹಿಸುವುದು ಕಷ್ಟವಲ್ಲ. ಆ ಹುಡುಗನಿಗೆ ಶುಭವಾಗಲಿ.

ಅಂಗಡಿಯ ಹುಡುಗ ತಾನೇ ಬರೆದಿಟ್ಟಿದ್ದ ಚೀಟಿ ಉತ್ತಂಗಿ ಚನ್ನಪ್ಪನವರು ಸಂಪಾದಿಸಿದ ಸರ್ವಜ್ಞನ ವಚನಗಳಿಗೆ ಸೇರಿದ್ದು. ಯಾವ ಪುಟವನ್ನಾದರೂ ತೆರೆಯಿರಿ, ಬಸ್ಸು ಬರುವುದರೊಳಗೆ ನಾಲ್ಕು ಓದಬಹುದು ಎನ್ನುತ್ತಾನೆ. 1924ರಲ್ಲಿ ಆ ಗ್ರಂಥವನ್ನು ಹೊರತಂದ ಉತ್ತಂಗಿಯವರು ಕ್ರೈಸ್ತ ಪಾದ್ರಿಗಳು. ಅನುಭವ ಮಂಟಪ ಇದ್ದುದೇ ಸುಳ್ಳೆಂದು ಕೆಲವರು ವಾದ ಹೂಡಿದಾಗ ಅದರ ಐತಿಹಾಸಿಕತೆಯನ್ನು ಪ್ರತಿಪಾದಿಸಿ ಗ್ರಂಥ ಬರೆದವರೂ ಅವರೇ. ನಮ್ಮ ಸಮಾಜ ಅವರ ಋಣವನ್ನು ಸಾಕಷ್ಟು ನೆನೆಯುತ್ತಿಲ್ಲ. ಆ ಹುಡುಗನಿಗೆ ಇದಾವುದೂ ತಿಳಿದಿರಲಿಲ್ಲ. ನಾವು ಹೇಳಿದಾಗ ಕಣ್ಣರಳಿಸಿ ಕೇಳಿ, ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ.

ಅಮೆರಿಕೆಯಿಂದ ರಜೆಗೆ ಬಂದಿದ್ದ ಒಬ್ಬ ಎಂಜಿನಿಯರರ ಚೀಟಿ ಎ.ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿತ್ತು. 1973ರಲ್ಲಿ ಪೆಂಗ್ವಿನ್ ಸಂಸ್ಥೆ ಪ್ರಕಟಿಸಿದ ಈ ಸಣ್ಣ ಪುಸ್ತಕದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳ ಇಂಗ್ಲಿಷ್ ಅನುವಾದವಿದೆ. ಕನ್ನಡ ಓದಲು ಬಾರದ ತಮ್ಮ ಮಗಳು ಇದನ್ನು ಓದಿ, ಅಜ್ಜಿ ಕೊರಳಲ್ಲಿ ಧರಿಸಿದ್ದು ಏನೆಂದು ಮೊದಲ ಬಾರಿಗೆ ಕೇಳಿದಳೆಂದು ಅವರು ಬರೆದಿದ್ದಾರೆ. ಅನುವಾದದಲ್ಲಿ ಷಟ್‌ಸ್ಥಲದ ಸೂಕ್ಷ್ಮಗಳು ಎಷ್ಟು ಉಳಿದಿವೆ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಆ ಮಗುವಿನ ಪ್ರಶ್ನೆಗೆ ಮನೆಯವರು ಏನು ಉತ್ತರ ಕೊಟ್ಟರೆಂಬುದನ್ನು ತಿಳಿಯುವ ಕುತೂಹಲ ನಮಗಿದೆ.

ಒಂದು ಚೀಟಿಯನ್ನು ಓದಿ ಮಾತ್ರ ನಾವು ಸುತ್ತಮುತ್ತ ನೋಡಿದೆವು. ಬಸವರಾಜ ಕಟ್ಟೀಮನಿಯವರ ‘ಜರತಾರಿ ಜಗದ್ಗುರು’ ಕಾದಂಬರಿಯೊಳಗೆ ಯಾರೋ, ಮಠದಲ್ಲಿ ಬೆಳೆದವರು ತಪ್ಪದೆ ಓದಬೇಕು ಎಂದು ಬರೆದಿಟ್ಟಿದ್ದರು. ನಮ್ಮ ಪಾಠಶಾಲೆಯ ದಿನಗಳಲ್ಲಿ ಅದೇ ಪುಸ್ತಕದ ಹೊದಿಕೆಯಿಲ್ಲದ ಒಂದು ಪ್ರತಿ ಅಮರಕೋಶದ ಕೆಳಗೆ ಅಡಗಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಸಾಗುತ್ತಿತ್ತೆಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಇಷ್ಟು ಹೊತ್ತಿಗೆ ಮಳೆ ನಿಂತಿತ್ತು. ಎದ್ದು ಹೊರಡುವಾಗ ಬಾಗಿಲ ಬಳಿ ಹಳೆಯ ಪುಸ್ತಕಗಳನ್ನು ಪೇರಿಸಿಟ್ಟ ಮೂಲೆಯತ್ತ ದೃಷ್ಟಿ ಹೋಯಿತು. ‘ಸಮಗ್ರ ವಚನ ಸಂಪುಟ’ದ ಒಂದು ಕಟ್ಟು ಅಲ್ಲಿತ್ತು. 1993ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಜನಪ್ರಿಯ ಆವೃತ್ತಿಯಾಗಿ ಹದಿನೈದು ಸಂಪುಟಗಳನ್ನು ಹೊರತಂದಾಗ ನಮಗಾದ ಹಿಗ್ಗನ್ನು ಮಾತಿನಲ್ಲಿ ಹೇಳಲಾರೆವು. ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳು ಒಂದೇ ಕಡೆಯಲ್ಲಿ, ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ! ಮುಂದಿನ ಹತ್ತಾರು ವರ್ಷ ನಮ್ಮ ಪಟ್ಟಿಯ ಮೊದಲ ಸಾಲು ಅದೇ ಆಗಿತ್ತು. ಮದುವೆಗೆ ಕರೆಯಲು ಬಂದವರಿಗೆಲ್ಲ, ಬೆಳ್ಳಿಯ ತಟ್ಟೆ ಬೇಡ, ಮಗಳಿಗೆ ಇದನ್ನು ಕೊಡಿರಿ ಎಂದು ಹೇಳುತ್ತಿದ್ದೆವು.

ಮೊದಲನೆಯ ಸಂಪುಟವನ್ನು ಎತ್ತಿಕೊಂಡು ರಕ್ಷಾಪುಟವನ್ನು ತೆರೆದೆವು. ಅಲ್ಲಿ ನಮ್ಮದೇ ಹಸ್ತಾಕ್ಷರವಿತ್ತು. 1996ರ ಒಂದು ಲಗ್ನದ ದಿನಾಂಕ, ವಧೂವರರ ಹೆಸರು, ಕೆಳಗೆ ನಾಲ್ಕು ಸಾಲಿನ ಶುಭ ಹಾರೈಕೆ, ಅದರ ಕೆಳಗೆ ನಮ್ಮ ರುಜು. ಹೊದಿಕೆಯ ಮೇಲೆ ವಿಭೂತಿಯ ಮೂರು ಗೆರೆಗಳು ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿದ್ದವು. ವರ್ಷಕ್ಕೊಮ್ಮೆ ತಪ್ಪದೆ ಪೂಜೆಯಾಗಿತ್ತೆಂಬುದು ಸ್ಪಷ್ಟ. ಪುಟಗಳನ್ನು ತಿರುವಿದರೆ, ಹೊಸ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಲ್ಲ, ಹಾಗೆಯೇ ಇದ್ದವು. ಯಾವ ಬೆರಳೂ ಅಲ್ಲಿ ಹಾದುಹೋಗಿರಲಿಲ್ಲ.

ನಾವು ಏನೂ ಮಾತನಾಡದೆ ನಿಂತುದನ್ನು ಕಂಡು ಅಂಗಡಿಯ ಆ ತಂಗಿ ಹತ್ತಿರ ಬಂದರು. ಅವರಿಗೆ ನಮ್ಮ ಅಕ್ಷರದ ಗುರುತಿತ್ತು. “ಶಾಸ್ತ್ರಿಗಳ, ನಿಮಗ ಕಾಣಬಾರದು ಅಂತ ಕೆಳಗ ಇಟ್ಟಿದ್ದೆರಿ,” ಎಂದರು. ಸ್ವಲ್ಪ ತಡೆದು, “ಇಂಥಾವು ಭಾಳ ಬರತಾವ್ರಿ. ನಿಮ್ಮ ಪಟ್ಟಿ ಹಿಡಕೊಂಡು ಬಂದವರಿಗೆ ನಾ ಪುಸ್ತಕ ಕೊಟ್ಟೇ ಕೊಡತೇನ್ರಿ. ಮನ್ಯಾಗ ಓದಾವ್ರು ಯಾರು ಅಂತ ಕೇಳಿದ್ರ, ಶಾಸ್ತ್ರಿಗಳು ಹೇಳ್ಯಾರ, ನೀ ಕೊಡವಾ ಅಂತಾರ,” ಎಂದರು.

ನಮಗೆ ಸಿಟ್ಟು ಬಂದಿತೆಂಬುದನ್ನು ಮರೆಮಾಚುವುದಿಲ್ಲ. ವಚನ ವಾಙ್ಮಯಕ್ಕಿಂತ ದೊಡ್ಡದು ಮನೆಯಲ್ಲಿ ಮತ್ತೇನಿರಬೇಕಿತ್ತು, ಇಷ್ಟು ಸಂಪುಟಗಳಿಗೆ ಜಾಗವಿಲ್ಲದ ಮನೆ ಎಂತಹ ಮನೆ ಎಂದೇನೋ ಆಡಿದೆವು. ಅವರು ಸುಮ್ಮನೆ ಕೇಳಿಕೊಂಡು, “ಎಣಿಸಿ ನೋಡ್ರಿ,” ಎಂದರು. ಎಣಿಸಿದೆವು. ಹದಿನಾಲ್ಕು ಇದ್ದವು. ಐದನೆಯದು ಇರಲಿಲ್ಲ.

ಐದನೆಯದು ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನಗಳ ಸಂಪುಟ. ಪುಸ್ತಕಗಳನ್ನು ತಂದುಕೊಟ್ಟವಳು ಆ ಲಗ್ನದ ವಧುವೇ. ಈಗ ನಡುವಯಸ್ಸು ದಾಟಿದ ಗೃಹಿಣಿ. ಗಂಡನ ನಿವೃತ್ತಿಯ ನಂತರ ಊರ ಮನೆಯನ್ನು ಮಾರಿ ಬೆಂಗಳೂರಿನ ಮಗನ ಬಳಿಗೆ ಹೊರಟಿದ್ದಾಳೆ. ಅಲ್ಲಿ ಎರಡೇ ಕೋಣೆ. ಎಲ್ಲವನ್ನೂ ಕೊಟ್ಟು, ಇದೊಂದನ್ನು ಮಾತ್ರ ಕೊಡುವುದಿಲ್ಲ ಎಂದು ಚೀಲದಿಂದ ಹೊರಗೆ ತೆಗೆದಳಂತೆ. ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಅದರಿಂದ ಒಂದೊಂದು ವಚನವನ್ನು ಓದಿ ಹೇಳುತ್ತಿದ್ದಳು. ಆ ಅತ್ತೆಗೆ ಅಕ್ಷರ ಬಾರದು. ಹೆಣ್ಣುಮಕ್ಕಳು ಬರೆದದ್ದು ಯಾವುದಾದರೂ ಇದ್ದರೆ ಓದು ಎಂದು ಕೇಳಿದವರು ಅವರೇ. ಆಯ್ದಕ್ಕಿ ಲಕ್ಕಮ್ಮನ ವಚನಗಳು ಬಂದಾಗ ಮಲಗಿದ್ದಲ್ಲಿಂದಲೇ ನಗುತ್ತಿದ್ದರಂತೆ. ಗಂಡನಿಗೆ ಬುದ್ಧಿ ಹೇಳುವ ಹೆಣ್ಣು ತಮಗೂ ಪರಿಚಿತಳೇ ಎನ್ನುತ್ತಿದ್ದರಂತೆ. ಆ ಸಂಪುಟದ ಬೆನ್ನು ಬಿಟ್ಟುಹೋಗಿದ್ದು, ಹೊಲಿಗೆ ಹಾಕಿಸಿಕೊಡುವಿರಾ ಎಂದು ಕೇಳಿ, ಈ ಅಂಗಡಿಯಲ್ಲಿಯೇ ಕಟ್ಟು ಹಾಕಿಸಿಕೊಂಡು ಹೋಗಿದ್ದಾಳೆ.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಮತ್ತೆ ಮತ್ತೆ ನೆನಪಾದವರು ಫ.ಗು. ಹಳಕಟ್ಟಿಯವರು. ತಾಡವೋಲೆಯ ಕಟ್ಟುಗಳು ಮನೆಮನೆಗಳ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿ, ಹೂವು ಪತ್ರಿ ಏರಿಸಿಕೊಂಡು ಕುಳಿತಿದ್ದ ಕಾಲ ಅದು. ಪೂಜೆಯಾಗುತ್ತಿತ್ತು, ಓದಾಗುತ್ತಿರಲಿಲ್ಲ. ಹಳಕಟ್ಟಿಯವರು ಆ ಓಲೆಗಳನ್ನು ಬೇಡಿ ತಂದು, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಮುದ್ರಿಸಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ಹಿರಿಯರು ಹೇಳುತ್ತಾರೆ. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಷ್ಟೆಲ್ಲ ಪಟ್ಟದ್ದು ಜಗಲಿಯ ಮೇಲಿದ್ದುದನ್ನು ಕೆಳಗಿಳಿಸಿ ಜನರ ಕೈಗೆ ಕೊಡುವುದಕ್ಕಾಗಿ. ನಾವು ಪಟ್ಟಿ ಬರೆಬರೆದು ಅದನ್ನು ಪುನಃ ಜಗಲಿಗೇ ಏರಿಸಿದೆವು. ಆ ವಿಭೂತಿಯ ಗೆರೆಗಳಲ್ಲಿ ನಮ್ಮ ಬೆರಳಿನ ಪಾಲೂ ಇದೆ.

ಇದು ನಮಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲವೆಂಬುದೇ ಹೆಚ್ಚು ನೋವಿನ ಮಾತು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಇಬ್ಬರು ವಟುಗಳಿಗೆ ಒಂದೇ ಪುಸ್ತಕವನ್ನು ಎಂದೂ ಕೊಟ್ಟವರಲ್ಲ. ನಮ್ಮ ಕೈಗೆ ‘ಶಬ್ದಮಣಿದರ್ಪಣ’ವನ್ನಿಟ್ಟ ದಿನವೇ, ಕುರಿ ಕಾಯುವ ಮನೆತನದಿಂದ ಬಂದಿದ್ದ ಸಹಪಾಠಿಯೊಬ್ಬನಿಗೆ ಭೀಮಕವಿಯ ‘ಬಸವ ಪುರಾಣ’ವನ್ನು ಕೊಟ್ಟರು. ಅವನಿಗೆ ಊರ ಗುಡಿಯಲ್ಲಿ ಷಟ್ಪದಿಯನ್ನು ಕೇಳಿ ಕೇಳಿ ಲಯ ಕಿವಿಯಲ್ಲಿತ್ತು; ಅಕ್ಷರ ಬೇಗ ಹಿಂಬಾಲಿಸಿತು. ಅಧಿಕಾರಿಭೇದವೆಂಬ ಮಾತನ್ನು ಶಾಸ್ತ್ರಗಳಲ್ಲಿ ಓದುವಾಗ ಅದು ಮೇಲು ಕೀಳಿನ ಮಾತೆಂದು ನಾವು ತಪ್ಪಾಗಿ ತಿಳಿದದ್ದುಂಟು. ಗುರುಗಳು ಅದನ್ನು ಹಸಿವಿನ ಲೆಕ್ಕದಲ್ಲಿ ನೋಡುತ್ತಿದ್ದರು. ಅಂಗಡಿಯ ಆ ತಂಗಿ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕೇಳುವ ಪ್ರಶ್ನೆಯೂ ಅದೇ.

ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಗೆ ಹೋದೆವು. ಆಡಿದ ಮಾತಿಗೆ ಕ್ಷಮೆ ಕೇಳಬೇಕಿತ್ತು, ಕೇಳಿದೆವು. “ಅದೇನ್ ಬಿಡ್ರಿ ಶಾಸ್ತ್ರಿಗಳ,” ಎಂದು ಅವರು ಸ್ಟೂಲನ್ನು ಒರೆಸಿ ಕೊಟ್ಟರು. ಅಂದು ಎರಡು ತಾಸು ಕುಳಿತು ಗಿರಾಕಿಗಳೊಡನೆ ಅವರು ನಡೆಸುವ ಮಾತುಕತೆಯನ್ನು ಕೇಳಿದೆವು. ಅಕ್ಕಮಹಾದೇವಿಯವರ ಮೇಲೆ ಏನಾದರೂ ಬೇಕೆಂದು ಬಂದ ಹೈಸ್ಕೂಲು ಹುಡುಗಿಗೆ ತಿಪ್ಪೇರುದ್ರಸ್ವಾಮಿಯವರ ‘ಕದಳಿಯ ಕರ್ಪೂರ’ವನ್ನು ಕೊಟ್ಟರು, ಅದು ಮುಗಿದ ಮೇಲೆ ವಚನಗಳಿಗೆ ಬಾ ಎಂದರು. ಅಲ್ಲಮಪ್ರಭುಗಳ ವಚನ ಬೇಕೆಂದ ಒಬ್ಬ ನಿವೃತ್ತ ಶಿಕ್ಷಕರಿಗೆ, ಒಬ್ಬರೇ ಓದುತ್ತೀರೋ ನಾಲ್ಕು ಜನ ಕೂಡಿ ಓದುತ್ತೀರೋ ಎಂದು ಕೇಳಿದರು. ಒಬ್ಬರೇ ಎಂದಾಗ ವಿಜಾಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ‘ವಚನ ನಿರ್ವಚನ’ವನ್ನು ತೆಗೆದರು, ಪಕ್ಕದಲ್ಲಿ ಅರ್ಥ ಹೇಳುವವರೊಬ್ಬರು ಇದ್ದಂತಾಗುತ್ತದೆ ಎಂದರು. ನಾವಾಗಿದ್ದರೆ ಎಲ್. ಬಸವರಾಜು ಅವರ 1960ರ ‘ಅಲ್ಲಮನ ವಚನ ಚಂದ್ರಿಕೆ’ಯನ್ನು ಹೇಳುತ್ತಿದ್ದೆವು, ಈಗಲೂ ವಿದ್ಯಾರ್ಥಿಗಳಿಗೆ ಅದನ್ನೇ ಹೇಳುತ್ತೇವೆ. ಆದರೆ ಆ ಶಿಕ್ಷಕರ ಕೈಯಲ್ಲಿ ಅದು ಅರ್ಧಕ್ಕೆ ನಿಲ್ಲುತ್ತಿತ್ತೆಂದು ತೋರುತ್ತದೆ. ಒಬ್ಬರಿಗೆ ಮಾತ್ರ ಅವರು ಪುಸ್ತಕವನ್ನೇ ಕೊಡಲಿಲ್ಲ. ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ದಪ್ಪನೆಯ ರಟ್ಟಿನ, ಬಂಗಾರದ ಅಕ್ಷರದ್ದು ಬೇಕೆಂದು ಕೇಳಿದ ಅವರಿಗೆ, ಎರಡು ಅಂಗಡಿ ಆಚೆ ಗಡಿಯಾರಗಳು ಸಿಗುತ್ತವೆ ಎಂದು ದಾರಿ ತೋರಿಸಿದರು.

ಇಂತಹ ಅಂಗಡಿಗಳು ಎಷ್ಟು ಕಾಲ ಇರುತ್ತವೆಯೋ ನಾವರಿಯೆವು. ಫೋನಿನಲ್ಲಿ ಒತ್ತಿದರೆ ಮನೆಬಾಗಿಲಿಗೆ ಪುಸ್ತಕ ಬರುತ್ತದೆ, ರಿಯಾಯಿತಿಯೂ ಹೆಚ್ಚು. ಹಳ್ಳಿಯಲ್ಲಿರುವವರಿಗೆ ಅದರಿಂದ ಆಗಿರುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಈ ಅಂಗಡಿಯ ಹಿರಿಯರ ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. ಮುಂದೇನೆಂದು ಕೇಳಿದಾಗ ಅವರು ಆ ಹೆಣ್ಣುಮಗಳತ್ತ ಕೈ ತೋರಿಸಿ ನಕ್ಕರು. ಆಕೆ ನಗಲಿಲ್ಲ, ಬಾಡಿಗೆಯ ಲೆಕ್ಕ ಬರೆಯುತ್ತಿದ್ದರು.

ಹೊರಡುವ ಮುನ್ನ ಒಂದು ಚೀಟಿ ಬರೆಯಿರೆಂದು ಅವರೇ ನಮ್ಮ ಕೈಗೆ ಕಾಗದವನ್ನಿತ್ತರು. ಆ ಹದಿನಾಲ್ಕು ಸಂಪುಟಗಳಿಗಾಗಿ ಬರೆಯುತ್ತೇವೆಂದು ಕುಳಿತೆವು. ವಚನ ಸಾಹಿತ್ಯದ ಪೂರ್ವಪೀಠಿಕೆಯಿಂದ ಆರಂಭವಾದದ್ದು ಕಾಗದದ ಎರಡೂ ಬದಿಗೆ ತುಂಬಿತು. ಅವರು ಓದಿ, “ಮೂರ ಸಾಲ್ರಿ ಶಾಸ್ತ್ರಿಗಳ,” ಎಂದು ಮರಳಿಸಿದರು. ಎರಡನೆಯ ಸಲವೂ ಮರಳಿ ಬಂತು. ಮೂರನೆಯ ಸಲ, ಐದನೆಯ ಸಂಪುಟ ಇಲ್ಲ, ಅದು ಓದುವವರ ಮನೆಯಲ್ಲಿದೆ. ಉಳಿದವುಗಳಲ್ಲಿ ನಿಮಗೆ ಬೇಕಾದ ಒಂದನ್ನಷ್ಟೇ ಒಯ್ಯಬಹುದು, ಬಿಡಿಯಾಗಿ ಕೊಡುತ್ತಾರೆ ಎಂದು ಬರೆದುಕೊಟ್ಟೆವು. ಒಂದೊಂದಾಗಿ ಕೊಡಲು ಅಂಗಡಿಯವರು ಒಪ್ಪಿದ್ದಾರೆ. ಕಳೆದ ವಾರ ವಿಚಾರಿಸಿದಾಗ ಸಿದ್ಧರಾಮೇಶ್ವರರ ಸಂಪುಟವನ್ನು ಒಬ್ಬರು ಒಯ್ದಿದ್ದರು.

ಓದುಗ ಬಾಂಧವರಲ್ಲಿ ಒಂದು ಬಿನ್ನಹ. ತಾವು ಈಚೆಗೆ ಮೊದಲಿನಿಂದ ಕೊನೆಯವರೆಗೆ ಓದಿದ ಒಂದು ಪುಸ್ತಕದ ಹೆಸರನ್ನು, ಅದನ್ನು ಮನೆಯಲ್ಲಿ ಯಾರಿಗೆ ಓದಿ ಹೇಳಿದಿರೆಂಬುದನ್ನು, ಅಂಚೆ ಕಾರ್ಡಿನಲ್ಲಿ ಬರೆದು ಸಂಪಾದಕರ ವಿಳಾಸಕ್ಕೆ ಭಾದ್ರಪದ ಮುಗಿಯುವುದರೊಳಗೆ ಕಳುಹಿಸಬೇಕು. ಧರ್ಮಗ್ರಂಥವೇ ಆಗಬೇಕೆಂಬ ನಿಯಮವಿಲ್ಲ. ಬಂದವುಗಳನ್ನು ಆಶ್ವೀಜದ ಸಂಚಿಕೆಯಲ್ಲಿ ಈ ಪುಟದಲ್ಲಿಯೇ ಅಚ್ಚು ಮಾಡುತ್ತೇವೆ. ಬರಹ ಮೂರು ಸಾಲು ಮೀರಬಾರದು.